ಅಡುಗೆ ಮಾಡಿದವಳ ತಟ್ಟೆ

(ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಅಡುಗೆ ಮಾಡುವುದು ಹೇಗೆ ಎಂದು ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಡಾಕ್ಟರಲ್ಲ, ಟೀಚರಲ್ಲ. ನಿಮ್ಮ ಹಾಗೆ ಸಂಘದ ಸದಸ್ಯೆ. ಮೂವತ್ತು ವರ್ಷದಿಂದ ಒಲೆ ಮುಂದೆ ನಿಂತವಳು. ಆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ನಿನ್ನೆ ರಾತ್ರಿ ನೀವು ಏನು ಉಂಡಿರಿ? ಮನೆಗೆ ಏನು ಅಡುಗೆ ಮಾಡಿದಿರಿ ಅಂತ ಕೇಳುತ್ತಿಲ್ಲ. ನಿಮ್ಮ ತಟ್ಟೆಗೆ ಏನು ಬಿತ್ತು ಅಂತ ಕೇಳುತ್ತಿದ್ದೇನೆ.

ನಮ್ಮ ಸಂಘದಲ್ಲಿ ಒಮ್ಮೆ ಇದೇ ಪ್ರಶ್ನೆ ಕೇಳಿದಾಗ ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬಳು ಸಾರು ಸಾಲದೆ ಮುದ್ದೆಗೆ ಉಪ್ಪು ಮೆಣಸಿನಕಾಯಿ ನಂಚಿಕೊಂಡಿದ್ದಳು. ಇನ್ನೊಬ್ಬಳು ಮೊಸರಿನ ಪಾತ್ರೆ ತೊಳೆದ ನೀರಿಗೆ ಉಪ್ಪು ಹಾಕಿ ಅನ್ನ ಕಲಸಿಕೊಂಡಿದ್ದಳು. ಮೂರನೆಯವಳು "ನಂಗೆ ಹಸಿವಿರಲಿಲ್ಲ" ಅಂದಳು. ಪಕ್ಕದಲ್ಲಿದ್ದ ಅವಳ ವಾರಗಿತ್ತಿ, "ಅಡುಗೆ ಕಮ್ಮಿಯಾದ ದಿನವೇ ಇವಳಿಗೆ ಹಸಿವಿರೋದಿಲ್ಲ" ಅಂದಳು. ಆಗ ಯಾರೂ ನಗಲಿಲ್ಲ.

ನನ್ನ ಕತೆಯನ್ನೂ ಹೇಳುತ್ತೇನೆ. ನನ್ನ ಮದುವೆಯಲ್ಲಿ ಒಪ್ಪಿಕೊಂಡಿದ್ದ ವರದಕ್ಷಿಣೆ ಒಂದಷ್ಟು ಬಾಕಿ ಉಳಿಯಿತು. ಆ ಬಾಕಿಯನ್ನು ಗಂಡನ ಮನೆಯವರು ನನ್ನ ಊಟದಲ್ಲಿ ವಸೂಲು ಮಾಡಿದರು. ಬೇಳೆ, ಬೆಲ್ಲ, ಎಣ್ಣೆ ಇಟ್ಟ ಕೋಣೆಗೆ ಬೀಗ. ಅತ್ತೆ ದಿನಾ ಅಳೆದು ಕೊಡುತ್ತಿದ್ದರು. ಸಾರು ತೆಳ್ಳಗಾದರೆ ಗಂಡ ತಟ್ಟೆ ಎಸೆಯುತ್ತಿದ್ದ. ಗಟ್ಟಿಯಾದರೆ "ನಿಮ್ಮಪ್ಪ ತಂದು ಹಾಕ್ತಾನಾ?" ಅಂತ ಅತ್ತೆ. ಏಟು ತಿಂದ ಮಾರನೇ ದಿನ ನೆರೆಯವರು ಕೇಳಿದರೆ, "ಸಾರಿಗೆ ಉಪ್ಪು ಜಾಸ್ತಿಯಾಗಿತ್ತು" ಅಂತ ನಾನೇ ಹೇಳುತ್ತಿದ್ದೆ. ತಪ್ಪು ನನ್ನದೇ ಅಂತ ನಾನೂ ನಂಬಿದ್ದೆ. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುತ್ತಿದ್ದೆ.

ಎರಡನೇ ಬಸುರಿಯಲ್ಲಿ ನೀರು ಸೇದುವಾಗ ತಲೆ ಸುತ್ತಿ ಬಾವಿಕಟ್ಟೆಯ ಮೇಲೆ ಬಿದ್ದೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ನರ್ಸಮ್ಮ, "ಮನೇಲಿ ಊಟಕ್ಕಿಲ್ವೇನಮ್ಮ?" ಅಂದರು. ಮನೆಯಲ್ಲಿತ್ತು, ನನಗಿರಲಿಲ್ಲ. ಆಗ ಹುಟ್ಟಿದ ಮಗಳು ಎರಡು ಕಿಲೋ ಕೂಡ ತೂಗಲಿಲ್ಲ.

ಇದು ನನ್ನೊಬ್ಬಳ ಕತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಗಂಡಸರಲ್ಲಿ 100ಕ್ಕೆ 25. ಮುಟ್ಟು, ಬಸಿರು, ಬಾಣಂತನ ಎಂದು ಹೆಣ್ಣಿನ ಮೈಗೆ ಕಬ್ಬಿಣದ ಅಂಶ ಹೆಚ್ಚು ಬೇಕು. ಹೆಚ್ಚು ಬೇಕಾದವಳಿಗೆ ನಾವು ಕೊನೆಗೆ ಬಡಿಸುತ್ತೇವೆ. ಅದೇ ಸಮೀಕ್ಷೆಯವರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ಹೆಂಡತಿ ಸರಿಯಾಗಿ ಅಡುಗೆ ಮಾಡದಿದ್ದರೆ ಗಂಡ ಹೊಡೆಯುವುದು ಸರಿಯೇ? ಇಂಥ ಪ್ರಶ್ನೆ ಕೇಳಬೇಕಾದ ದೇಶದಲ್ಲಿ ಅಡುಗೆಯ ಮಾತು ಬರೀ ಅಡುಗೆಯ ಮಾತಾಗಿ ಉಳಿಯುವುದಿಲ್ಲ.

ಈಗ ಒಲೆ ಹತ್ತಿರ ಬರೋಣ. ಕಡಿಮೆ ಖರ್ಚಿಗೆ ನಮ್ಮ ಬಸ್ಸಾರನ್ನು ಮೀರಿಸಿದ ಅಡುಗೆ ನನಗೆ ಗೊತ್ತಿಲ್ಲ. ಐದು ಜನರಿಗೆ ಒಂದು ಪಾವು ಹೆಸರುಕಾಳು ಅಥವಾ ಅಲಸಂದೆ, ಎರಡು ಕಟ್ಟು ದಂಟಿನ ಸೊಪ್ಪು. ಎರಡನ್ನೂ ಬೇಯಿಸಿ, ಬಸಿದ ಕಟ್ಟನ್ನು ಎತ್ತಿಡಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಹುಣಿಸೇಹಣ್ಣಿನ ಜೊತೆ ಬೆಂದ ಕಾಳು ಒಂದು ಹಿಡಿ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಕಾಳು ರುಬ್ಬಿದರೆ ಸಾರು ಗಟ್ಟಿಯಾಗುತ್ತದೆ, ತೆಂಗಿನಕಾಯಿಯ ಖರ್ಚು ಉಳಿಯುತ್ತದೆ. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆಯಾಯಿತು. ಬೆಂದ ನೀರಿನ ಸತ್ವವೂ ಮೋರಿಗೆ ಹೋಗಲಿಲ್ಲ.

ಜೊತೆಗೆ ರಾಗಿ ಮುದ್ದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಪಡಿತರದ ಅಕ್ಕಿ ಬರುತ್ತದೆಂದು ಮೂರು ಹೊತ್ತೂ ಅನ್ನ ಮಾಡಬೇಡಿ. ಹುರುಳಿ, ಹೆಸರು, ಕಡಲೆಯನ್ನು ನೆನೆಸಿ ಮೊಳಕೆ ಕಟ್ಟಿ. ಹಿತ್ತಲಲ್ಲಿ ನುಗ್ಗೆ ಮರ ಇದ್ದರೆ ಸೊಪ್ಪಿಗೆ ದುಡ್ಡೇ ಬೇಡ. ಕಾಳು ಸೊಪ್ಪಿನ ಊಟದ ಜೊತೆ ನಿಂಬೆರಸವೋ ನೆಲ್ಲಿಕಾಯಿಯೋ ಇದ್ದರೆ ಅದರಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಟೀ ಕುಡಿದರೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಮಕ್ಕಳ ಬಿಸ್ಕತ್ತು ಪೊಟ್ಟಣಕ್ಕೆ ಕೊಡುವ ಹತ್ತು ರೂಪಾಯಿಗೆ ಒಂದು ಮೊಟ್ಟೆಯೋ ಒಂದು ಹಿಡಿ ಕಡಲೆಕಾಯಿಯೋ ಬರುತ್ತದೆ.

ಇದಿಷ್ಟೇ ಹೇಳಿ ಕೂತರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಯಾಕೆಂದರೆ ಮನೆಯಲ್ಲಿ ಖರ್ಚು ಕಡಿಮೆ ಮಾಡಬೇಕು ಅಂದಾಗಲೆಲ್ಲ ಮೊದಲು ಕಡಿಮೆಯಾಗುವುದು ಹೆಂಗಸಿನ ಊಟ. ಗಂಡನ ಬೀಡಿ, ಕುಡಿತದ ಲೆಕ್ಕ ಯಾರೂ ಕೇಳುವುದಿಲ್ಲ. ಅದಕ್ಕೇ ನಮ್ಮ ಸಂಘದಲ್ಲಿ ಒಂದು ನಿಯಮ ಮಾಡಿಕೊಂಡೆವು. ಮನೆಯಲ್ಲಿ ಐದು ಜನರಿದ್ದರೆ ಐದು ಮುದ್ದೆ ಕಟ್ಟಿ, ಐದು ತಟ್ಟೆಗೂ ಪಲ್ಯ ಹಾಕಿ, ಆಮೇಲೆ ಊಟಕ್ಕೆ ಕರೆಯುವುದು. ಕಡಿಮೆ ಬಿದ್ದರೆ ಐವರಿಗೂ ಒಂದೊಂದು ತುತ್ತು ಕಡಿಮೆಯಾಗಲಿ.

ಕಾನೂನೂ ನಿಮ್ಮ ಕಡೆಗಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದರೆ 18 ತುಂಬಿದ ಹಿರಿಯ ಹೆಂಗಸು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಹೊಡೆಯುವುದು ಮಾತ್ರ ದೌರ್ಜನ್ಯವಲ್ಲ. ಮನೆಖರ್ಚಿಗೆ ಕೊಡದಿರುವುದು, ಜೀವನಕ್ಕೆ ಬೇಕಾದ್ದನ್ನು ತಡೆಹಿಡಿಯುವುದು ಕೂಡ ಆರ್ಥಿಕ ದೌರ್ಜನ್ಯ. ವರದಕ್ಷಿಣೆಗಾಗಿ ಪೀಡಿಸುವುದೂ ಇದರಲ್ಲಿ ಬರುತ್ತದೆ. ರಕ್ಷಣಾಧಿಕಾರಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ನನ್ನ ಕಾಲಕ್ಕೆ ಈ ಕಾಯ್ದೆ ಇರಲಿಲ್ಲ. ಸಂಘದ ಹತ್ತು ಹೆಂಗಸರು ಬಂದು ನಮ್ಮ ಅಂಗಳದಲ್ಲಿ ಕೂತರು. ಬೆಳಗಿನಿಂದ ಸಂಜೆವರೆಗೆ ಅಲ್ಲಾಡಲಿಲ್ಲ. ಆವತ್ತಿನಿಂದ ನನ್ನ ಮೇಲೆ ಏಟು ಬೀಳುವುದು ನಿಂತಿತು.

ಕೊನೆಯ ಮಾತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಈಗ ನಾನೂ ಅತ್ತೆ. ವರದಕ್ಷಿಣೆ ಇಲ್ಲದೆ ಸೊಸೆ ತಂದೆ ಅಂತ ಹೆಮ್ಮೆಯಿಂದ ಓಡಾಡಿಕೊಂಡಿದ್ದೆ. ಅವಳು ಬಂದ ಹೊಸದರಲ್ಲಿ ಒಂದು ರಾತ್ರಿ ನಾವೆಲ್ಲ ಉಂಡು ಮಲಗಿದ್ದೆವು. ಅಡುಗೆಮನೆಯಿಂದ ಪಾತ್ರೆಯ ತಳ ಕೆರೆಯುವ ಸದ್ದು ಬಂತು. ಆ ಸದ್ದು ನನಗೆ ಗೊತ್ತಿತ್ತು. ಯಾರೂ ಅವಳಿಗೆ ಕೊನೆಗೆ ಉಣ್ಣು ಅಂತ ಹೇಳಿರಲಿಲ್ಲ. ಮೊದಲು ಉಣ್ಣು ಅಂತಲೂ ನಾನು ಹೇಳಿರಲಿಲ್ಲ. ಎದ್ದು ಹೋಗಿ ಒಲೆ ಹಚ್ಚಿ ಅವಳಿಗೊಂದು ರೊಟ್ಟಿ ತಟ್ಟಿದೆ. ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ.

ಇವತ್ತು ರಾತ್ರಿ ಮನೆಗೆ ಹೋಗಿ ಬಸ್ಸಾರು ಮಾಡಿ. ಮೊದಲು ನಿಮ್ಮ ತಟ್ಟೆ ಹಾಕಿಕೊಳ್ಳಿ. ಸೊಸೆಯಿದ್ದರೆ ಅವಳ ತಟ್ಟೆಯನ್ನೂ ಪಕ್ಕದಲ್ಲೇ ಇಡಿ. ಮುಂದಿನ ವಾರ ಸಂಘದಲ್ಲಿ ಉಳಿತಾಯದ ಲೆಕ್ಕ ಬರೆಯುವ ಮುಂಚೆ, ಯಾರು ಏನು ಉಂಡಿರಿ ಅಂತ ಒಬ್ಬರನ್ನೊಬ್ಬರು ಕೇಳಿ.