ಚೌಕುಳಿಗೆ ಒಪ್ಪುವ ದಗಲೆ



ಕೆಲವು ವರ್ಷಗಳ ಹಿಂದೆ ಸುಬ್ರಹ್ಮಣ್ಯದಲ್ಲಿ ವಿದ್ಯಾರ್ಥಿಗಳ ಯಕ್ಷಗಾನವೊಂದನ್ನು ಚಿತ್ರೀಕರಿಸಲು ಹೋಗಿದ್ದೆ. ಆ ಸೀಮೆಯವರಿಗೆ ತೆಂಕುತಿಟ್ಟು ಹೆಚ್ಚು ಪರಿಚಿತ. ಆದರೂ ಮಕ್ಕಳು ಆಸೆಪಟ್ಟು ಬಡಗುತಿಟ್ಟನ್ನು ಕಲಿತಿದ್ದರು. ಉಡಲು ಕೆಂಪು-ಕಪ್ಪು ಚೌಕುಳಿಯ ಕಸೆ ಸೀರೆ ಸಿದ್ಧವಾಗಿತ್ತು. ಅದರ ಮೇಲೆ ತೊಡುವ ದಗಲೆ ಯಾವ ಬಣ್ಣದ್ದಿರಬೇಕು? ಟೀವಿಯಲ್ಲಿ ಎದ್ದು ಕಾಣಲೆಂದು ಹೊಳಪಿನ, ಸಣ್ಣ ಪಟ್ಟೆಯ ಬಟ್ಟೆಯನ್ನೂ ಅಚ್ಚ ಬಿಳಿಯ ಕಾಲುಚೀಲವನ್ನೂ ಆರಿಸಿದವನು ನಾನೇ.

ಮಾನಿಟರ್ ನೋಡಿದಾಗ ನನ್ನ ತಪ್ಪು ತಿಳಿಯಿತು. ಎದೆಯ ಮೇಲಿನ ಪಟ್ಟೆಗಳು ನೀರಿನಲೆಯಂತೆ ನಡುಗುತ್ತಿದ್ದವು; ಕೆಳಗೆ ಬಿಳಿಯ ಕಾಲುಗಳಷ್ಟೇ ಕುಣಿಯುತ್ತಿದ್ದವು. ತಿಂಗಳುಗಟ್ಟಲೆ ಕಲಿತ ಹುಡುಗನ ಮುಖಾಭಿನಯದ ಕಡೆಗೆ ಕಣ್ಣೇ ಹೋಗುತ್ತಿರಲಿಲ್ಲ.

ಚೌಕಿಯಲ್ಲಿದ್ದ ಹಿರಿಯ ಕಲಾವಿದರೊಬ್ಬರು ನಕ್ಕು, "ಸೀರೆಯಲ್ಲೇ ಬೇಕಾದಷ್ಟು ಬಣ್ಣ ಉಂಟಲ್ಲ ಸಾರ್, ಮೇಲಿಂದ ಇನ್ನೊಂದು ಯಾಕೆ?" ಎಂದರು. ಪಟ್ಟೆಯ ದಗಲೆ ಹೋಗಿ ಸಾದಾ ಕೆಂಪು ದಗಲೆ ಬಂತು. ಕಾಲುಚೀಲವೂ ಗಾಢ ಬಣ್ಣದ್ದಾಯಿತು. ಎರಡನೆಯ ಸಲದ ಚಿತ್ರೀಕರಣದಲ್ಲಿ ಹುಡುಗನ ಕಣ್ಣು, ಹುಬ್ಬು ಎಲ್ಲವೂ ಕಂಡವು.

ಅವರ ಮಾತಿನ ಹಿಂದೆ ವಿಜ್ಞಾನವಿದೆ. ಚೌಕುಳಿ ನೇಯ್ಗೆಯಲ್ಲಿ ಹಾಸಿನ ಕೆಂಪು ನೂಲು ಹೊಕ್ಕಿನ ಕೆಂಪನ್ನು ಸೇರಿದಲ್ಲಿ ಶುದ್ಧ ಕೆಂಪು, ಕಪ್ಪು ಕಪ್ಪನ್ನು ಸೇರಿದಲ್ಲಿ ಕಪ್ಪು. ಎರಡೂ ಅಡ್ಡ ಹಾಯ್ದಲ್ಲಿ ದೂರದಿಂದ ಕಾಣುವುದು ಮಂದವಾದ ಕಡುಗೆಂಪು. ಎರಡು ಬಣ್ಣದ ನೂಲಿನಿಂದ ಮೂರು ಛಾಯೆ! ಸ್ಕಾಟ್‌ಲೆಂಡಿನ ಗಂಡಸರು ಉಡುವ ಕಿಲ್ಟ್ ಎಂಬ ನಿರಿಗೆಯುಡುಪಿನ ಟಾರ್ಟನ್ ಬಟ್ಟೆಯೂ ಹೀಗೆಯೇ ನೇಯ್ದದ್ದು. ಅಲ್ಲಿಯೂ ಸಾಮಾನ್ಯವಾಗಿ ಚೌಕುಳಿಯ ಮೇಲೆ ಸಾದಾ ಕೋಟು ತೊಡುತ್ತಾರೆ; ಕಾಲುಚೀಲಕ್ಕೆ ಚೌಕುಳಿಯೊಳಗಿನ ಒಂದು ಬಣ್ಣವನ್ನೋ ಕೆನೆಬಣ್ಣವನ್ನೋ ಆರಿಸುತ್ತಾರೆ. ಅಲ್ಲಿನ ಗುಡ್ಡಗಾಡಿನ ಗಂಡಸರ ಈ ಉಡುಪನ್ನು 1746ರ ಕಾನೂನು ನಿಷೇಧಿಸಿತ್ತು; 1782ರಲ್ಲಿ ಅದು ರದ್ದಾಯಿತು. ಉಡುಪು ಒಂದು ಜನದ ಗುರುತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಪ್ಯಾರಿಸ್ಸಿನ ಗೋಬ್ಲಾ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರಲ್ ಅವರಿಗೆ, ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ದೋಷ ನೂಲಿನದಲ್ಲ, ಪಕ್ಕದ ಬಣ್ಣದ್ದು ಎಂದು ತಿಳಿಯಿತು. ನೆರೆಯ ಬಣ್ಣ ನಮ್ಮ ಕಣ್ಣಿನ ಗ್ರಹಿಕೆಯನ್ನೇ ಬದಲಿಸುತ್ತದೆ ಎಂಬ ಈ ತತ್ತ್ವವನ್ನು ಅವರು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ನೀವೂ ಪರೀಕ್ಷಿಸಬಹುದು. ಒಂದೇ ಕೆಂಪು ಕಾಗದದ ಎರಡು ತುಂಡುಗಳನ್ನು ಕಪ್ಪಿನ ಮೇಲೊಂದು, ಬಿಳಿಯ ಮೇಲೊಂದು ಇಟ್ಟು ನೋಡಿ.

ಬೆಳಕನ್ನೂ ಮರೆಯಬಾರದು. ಎಣ್ಣೆಯ ದೀಪದ ಬೆಳಕಿನಲ್ಲಿ ಕೆಂಪಿನ ಅಂಶ ಹೆಚ್ಚು, ನೀಲಿಯ ಅಂಶ ಕಡಿಮೆ. ಅದರಲ್ಲಿ ಕೆಂಪು, ಹಳದಿ ಬೆಳಗುತ್ತವೆ. ಕಡುನೀಲಿ ಕಪ್ಪಿಗೆ ತಿರುಗುತ್ತದೆ. ಇನ್ನು ಕ್ಯಾಮೆರಾ ಚಿತ್ರವನ್ನು ಸಣ್ಣ ಸಣ್ಣ ಬಿಂದುಗಳಾಗಿ ಒಡೆದು ಗ್ರಹಿಸುತ್ತದೆ. ಬಟ್ಟೆಯ ಸಣ್ಣ ಪಟ್ಟೆಗಳು ಆ ಬಿಂದುಸಾಲುಗಳೊಡನೆ ತಾಳ ತಪ್ಪಿದಾಗ ಇಲ್ಲದ ಅಲೆಗಳು ಮೂಡುತ್ತವೆ. ದೊಡ್ಡ ಚೌಕುಳಿಗೆ ಈ ತೊಂದರೆ ಕಡಿಮೆ.

ಆದರೆ ವಿಜ್ಞಾನವೊಂದೇ ಸಾಲದು. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಬಯಲಾಟ ಗಂಭೀರ ಅಧ್ಯಯನಕ್ಕೆ ಯೋಗ್ಯವೆಂಬುದಕ್ಕೆ ಅದು ಮನ್ನಣೆ. ಯಾವ ಪಾತ್ರಕ್ಕೆ ಯಾವ ದಗಲೆ ಎಂಬುದನ್ನು ಮೊದಲು ಗುರುಗಳಲ್ಲಿ ಕೇಳಿ. ಅವರು ಒಪ್ಪಿದ ಬಣ್ಣಗಳಲ್ಲಿ ಸೀರೆಗೆ ಹೊಂದುವುದನ್ನು ಆರಿಸಿ. ಇಪ್ಪತ್ತು ಅಡಿ ದೂರ ನಿಂತು, ರಂಗದ ಬೆಳಕಿನಲ್ಲೇ ನೋಡಿ. ಮೊದಲು ಮುಖ ಕಂಡರೆ ವೇಷ ಸರಿಯಾಗಿದೆ. ಬಟ್ಟೆಯೇ ಮೊದಲು ಕಂಡರೆ, ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ದೀರಿ ಎಂದು ತಿಳಿಯಿರಿ.