ಕಣ್ಣಿನ ಬಣ್ಣ ಕಲಿಸಿದ ಪಾಠ



ಮಕ್ಕಳು ದೇವರ ಸಮಾನ, ಅವರಿಗೆ ಭೇದಭಾವ ತಿಳಿಯದು ಎಂದು ನಾವೆಲ್ಲ ಹೇಳುವುದುಂಟು. ಈ ಮಾತು ಅರ್ಧ ನಿಜ. ಮೇಲುಕೀಳೆಂಬ ಭಾವನೆಯನ್ನು ಮಗು ಹುಟ್ಟುವಾಗಲೇ ಹೊತ್ತು ತರುವುದಿಲ್ಲ. ಆದರೆ ಹಿರಿಯರು ಕಲಿಸಿದರೆ ಒಂದೇ ದಿನದಲ್ಲಿ ಅದನ್ನು ಕಲಿತುಬಿಡುತ್ತದೆ. ಅಮೆರಿಕದ ಒಂದು ಪುಟ್ಟ ಊರಿನ ಶಾಲೆಯಲ್ಲಿ ನಡೆದ ಪ್ರಯೋಗ ಇದಕ್ಕೆ ಸಾಕ್ಷಿ.

1968ರ ಏಪ್ರಿಲ್ 4ರಂದು, ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಲಿಯಾದರು. ಮಾರನೆಯ ದಿನ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಊರಿನಲ್ಲಿ ಮೂರನೇ ತರಗತಿಯ ಶಿಕ್ಷಕಿ ಜೇನ್ ಎಲಿಯಟ್ ಈ ಕೊಲೆಯ ಬಗ್ಗೆ ತಮ್ಮ ಮಕ್ಕಳೊಡನೆ ಮಾತನಾಡಬೇಕಿತ್ತು. ಅವರೆಲ್ಲರೂ ಬಿಳಿಯ ಮಕ್ಕಳು. ಮೈಬಣ್ಣಕ್ಕಾಗಿ ಅವಮಾನ ಪಡುವುದೆಂದರೇನೆಂದು ಕಂಡವರಲ್ಲ. ಬರೀ ಬೋಧನೆಯಿಂದ ಅದು ಅರ್ಥವಾಗದೆಂದು ಶಿಕ್ಷಕಿಗೆ ಅನಿಸಿತು. ಮಕ್ಕಳನ್ನು ಅವರು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿದರು. ಒಂದು ಗುಂಪು ಜಾಣರದು, ಇನ್ನೊಂದು ದಡ್ಡರದು ಎಂದು ಸಾರಿದರು. ಮರುಸರದಿಯಲ್ಲಿ ಸ್ಥಾನ ಅದಲುಬದಲು ಮಾಡಿದರು.

ಮುಂದಿನ ವರ್ಷಗಳಲ್ಲೂ ಎಲಿಯಟ್ ಇದನ್ನು ನಡೆಸಿದರು. 1970ರಲ್ಲಿ ಅದನ್ನು ದೂರದರ್ಶನಕ್ಕಾಗಿ ಚಿತ್ರೀಕರಿಸಲಾಯಿತು. ಮೊದಲ ದಿನ ನೀಲಿ ಕಣ್ಣಿನವರು ಮೇಲು. ಅವರಿಗೆ ಆಟಕ್ಕೆ ಐದು ನಿಮಿಷ ಹೆಚ್ಚು. ಕಂದು ಕಣ್ಣಿನವರ ಕೊರಳಿಗೆ ಬಟ್ಟೆಯ ಪಟ್ಟಿ. ಅವರು ಎಲ್ಲರಂತೆ ನೀರಿನ ನಲ್ಲಿ ಮುಟ್ಟುವಂತಿಲ್ಲ. ಬೆಳಗಿನವರೆಗೆ ಗೆಳೆಯರಾಗಿದ್ದವರು ಮಧ್ಯಾಹ್ನದೊಳಗೆ ಬೈದಾಡಿಕೊಂಡರು, ಹೊಡೆದಾಟವೂ ಆಯಿತು. ‘ಕಂದು ಕಣ್ಣು’ ಎಂಬುದೇ ಬೈಗುಳವಾಯಿತು.

ಇದಕ್ಕಿಂತ ಆತಂಕದ ಸಂಗತಿ ಓದಿನದು. ಪಟ್ಟಿ ತೊಟ್ಟ ಮಕ್ಕಳು ಓದಿನ ಕಾರ್ಡುಗಳ ಕಟ್ಟನ್ನು ಮುಗಿಸಲು ಐದೂವರೆ ನಿಮಿಷ ತೆಗೆದುಕೊಂಡರು. ಮರುದಿನ ಪಟ್ಟಿ ಕಳಚಿ ಮೇಲಿನವರಾದಾಗ ಅದೇ ಮಕ್ಕಳು ಎರಡೂವರೆ ನಿಮಿಷದಲ್ಲಿ ಮುಗಿಸಿದರು. ನಿನ್ನೆ ಏಕೆ ಆಗಲಿಲ್ಲ ಎಂದು ಕೇಳಿದರೆ, ಕೊರಳಲ್ಲಿ ಆ ಪಟ್ಟಿ ಇತ್ತಲ್ಲ ಎಂದರು. ಕೀಳೆಂದು ಕರೆಸಿಕೊಂಡ ಮಗುವಿನ ಬುದ್ಧಿಯೂ ಆ ಹೊತ್ತಿಗೆ ಕುಗ್ಗುತ್ತದೆ ಎಂಬುದಕ್ಕೆ ಇನ್ನೇನು ಬೇಕು?

ಅಮೆರಿಕದ ಮಕ್ಕಳಿಗೆ ಆ ಪಟ್ಟಿ ಒಂದು ದಿನದ್ದು. ನಮ್ಮಲ್ಲಿ ಅದನ್ನು ಬಾಲ್ಯವಿಡೀ ಹೊತ್ತವರಿದ್ದಾರೆ. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಪ್ರತ್ಯೇಕವಾಗಿ ಕೂರಬೇಕಿತ್ತು. ನಲ್ಲಿಯನ್ನು ತಾವೇ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿನ ಬಾಯಾರಿಕೆಯೇ ಗತಿ. ಅದು ಪ್ರಯೋಗವಾಗಿರಲಿಲ್ಲ, ಪದ್ಧತಿಯಾಗಿತ್ತು.

ಎಲಿಯಟ್‌ರ ವಿಧಾನ ಟೀಕೆಗೆ ಹೊರತಲ್ಲ. ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಸುಳ್ಳು ಹೇಳಿ ನೋಯಿಸುವುದು ಸರಿಯೇ ಎಂದು ಹಲವರು ಕೇಳಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ನಮ್ಮ ಶಾಲೆಗಳು ಅದನ್ನು ಅನುಕರಿಸಬೇಕಿಲ್ಲ. ಗಮನಿಸಬೇಕಾದುದು, ಮೇಷ್ಟ್ರ ಒಂದು ಮಾತಿಗೆ ತರಗತಿಯನ್ನು ಒಡೆಯುವ ಶಕ್ತಿ ಇದೆ ಎಂಬುದು. ಹಾಗಿದ್ದರೆ ಕೂಡಿಸುವ ಶಕ್ತಿಯೂ ಇದೆ.

ಅದಕ್ಕೆ ಪ್ರತ್ಯೇಕ ಪಠ್ಯಪುಸ್ತಕ ಬೇಡ. ಮುಂದಿನ ಸಾಲಿನಲ್ಲಿ ಯಾರು ಕೂರುತ್ತಾರೆ, ಕಸ ಗುಡಿಸಲು ಯಾರನ್ನು ಕರೆಯುತ್ತೇವೆ, ಕುಡಿಯುವ ನೀರು ತರಲು ಯಾರನ್ನು ಕಳಿಸುತ್ತೇವೆ ಎಂಬುದನ್ನು ಮಕ್ಕಳು ದಿನವೂ ನೋಡುತ್ತಾರೆ. ಸರದಿಯ ಪ್ರಕಾರ ಎಲ್ಲರಿಗೂ ಎಲ್ಲ ಕೆಲಸ ಬಂದರೆ ಅದೇ ಪಾಠ. ‘ಅವಳ ಮಾತು ಏಕೆ ಹಾಗಿದೆ? ಅವನು ಏಕೆ ಕುಂಟುತ್ತಾನೆ?’ ಎಂದು ಮಗು ಕೇಳಿದಾಗ ಬಾಯಿ ಮುಚ್ಚಿಸದೆ ಸರಳವಾಗಿ ಉತ್ತರಿಸಬೇಕು. ಮುಚ್ಚಿಟ್ಟ ವ್ಯತ್ಯಾಸವೇ ಮುಂದೆ ಮೂದಲಿಕೆಯಾಗುತ್ತದೆ.

ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟ ಇಂಥ ಪಾಠಕ್ಕೆ ಒಳ್ಳೆಯ ಅವಕಾಶ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ನೀಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಆದರೂ ಅವರು ಮಾಡಿದ ಅಡುಗೆಯನ್ನು ಮಕ್ಕಳು ಮುಟ್ಟಲಿಲ್ಲ ಎಂಬ ಸುದ್ದಿ ಅಲ್ಲಲ್ಲಿಂದ ಬಂದದ್ದುಂಟು. ಹಸಿದ ಮಗು ತಾನಾಗಿ ತಟ್ಟೆ ದೂಡುವುದಿಲ್ಲ. ಮನೆಯಲ್ಲಿ ಯಾರೋ ಹಾಗೆ ಹೇಳಿಕೊಟ್ಟಿರುತ್ತಾರೆ. ಅಂಥ ದಿನ ಮೇಷ್ಟ್ರು ಭಾಷಣ ಮಾಡಬೇಕಾಗಿಲ್ಲ. ಮಕ್ಕಳ ಪಂಕ್ತಿಯಲ್ಲಿ ಕುಳಿತು ಅದೇ ಅನ್ನವನ್ನು ಮೊದಲ ತುತ್ತು ಉಂಡರೆ ಸಾಕು.