ಕಮ್ಮಾರನ ಕಣ್ಣಳತೆ



ಕಮ್ಮಾರನನ್ನು ನಾವು ಹೊಗಳುವುದು ಹೆಚ್ಚಾಗಿ ಅವನ ತೋಳಿನ ಬಲಕ್ಕೆ. ಸುತ್ತಿಗೆಯ ಸದ್ದು ಬೀದಿಗೆಲ್ಲ ಕೇಳಿಸುತ್ತದಲ್ಲ, ಅದಕ್ಕೇ ಇರಬೇಕು. ನನ್ನ ಮೆಚ್ಚುಗೆ ಮಾತ್ರ ಅವನ ಕಣ್ಣಿಗೆ. ಕುಲುಮೆಯಲ್ಲಿ ಥರ್ಮಾಮೀಟರ್ ಇಲ್ಲ. ಕಾದ ಕಬ್ಬಿಣದ ಬಣ್ಣ ನೋಡಿಯೇ ಅವನು ಬಿಸಿಯನ್ನು ಅಳೆಯುತ್ತಾನೆ.

ಕುಲುಮೆಯ ಜಾಗ ಯಾಕೆ ಅಷ್ಟು ಕತ್ತಲೆಂದು ಯೋಚಿಸಿದ್ದೀರಾ? ಬಿಸಿಲಲ್ಲಿ ಮಂದ ಕೆಂಪು ಕಾಣುವುದೇ ಇಲ್ಲ. ನೆರಳಿನಲ್ಲಾದರೆ, ಸುಮಾರು 525 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕಬ್ಬಿಣ ಮಂಕಾಗಿ ಕೆಂಪೇರುತ್ತದೆ. ತಿದಿ ಒತ್ತಿದಂತೆಲ್ಲ 800ರ ಆಸುಪಾಸಿನಲ್ಲಿ ನಿಗಿನಿಗಿ ಕೆಂಪು, 950ಕ್ಕೆ ಕಿತ್ತಳೆ, 1,100ಕ್ಕೆ ಹಳದಿ, 1,300ರ ಹೊತ್ತಿಗೆ ಬಿಳಿ. ಬಗ್ಗಿಸಿ ಬಡಿಯಲು ಕಿತ್ತಳೆ, ಹಳದಿ ಸಾಕು. ಎರಡು ತುಂಡು ಬೆಸೆಯಬೇಕಾದರೆ ಬಿಳಿಯ ಹತ್ತಿರಕ್ಕೆ ಹೋಗಬೇಕು. ಅದನ್ನೂ ಮೀರಿದರೆ ಕಬ್ಬಿಣವೇ ಕಿಡಿ ಕಾರುತ್ತ ಉರಿದುಹೋಗುತ್ತದೆ.

ಈ 525ರ ಲೆಕ್ಕ ಕೊಟ್ಟವನು ವಿಜ್ಞಾನಿ ಜಾನ್ ವಿಲಿಯಂ ಡ್ರೇಪರ್, 1847ರಲ್ಲಿ. ಬಿಸಿ ಏರಿದಂತೆ ಬಣ್ಣ ಹೇಗೆ ಬದಲಾಗುತ್ತದೆಂಬುದಕ್ಕೆ ಸರಿಯಾದ ಸೂತ್ರ ಸಿಕ್ಕಿದ್ದು 1900ರಲ್ಲಿ, ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್‌ನಿಂದ. ಕಮ್ಮಾರರೇನೂ ಅಲ್ಲಿಯವರೆಗೆ ಕೈಕಟ್ಟಿ ಕೂತಿರಲಿಲ್ಲ ಅನ್ನಿ.

ಕಮ್ಮಾರ ನಂಬುವುದು ಕಬ್ಬಿಣದ ಬಣ್ಣವನ್ನು, ಜ್ವಾಲೆಯದ್ದನ್ನಲ್ಲ. ಜ್ವಾಲೆ ಸುಳ್ಳು ಹೇಳಬಲ್ಲದು. ಎಣ್ಣೆದೀಪದ ಹಳದಿಯೇನೋ ಉರಿಯಲ್ಲಿ ಕಾದ ಮಸಿಯ ಕಣಗಳದ್ದು, ಕಾದ ಕಬ್ಬಿಣದ ನಿಯಮವೇ ಅದಕ್ಕೂ. ಗ್ಯಾಸ್ ಒಲೆಯ ನೀಲಿ ಹಾಗಲ್ಲ. ಉರಿಯುವಾಗ ಅನಿಲದ ಅಣುಗಳು ಒಡೆದು, ಆ ಚೂರುಗಳು ಸೂಸುವ ಬೆಳಕು ಅದು. ಅದಕ್ಕೆ ಚಿಟಿಕೆ ಉಪ್ಪು ಬಿದ್ದರೆ ಜ್ವಾಲೆ ಹಳದಿಗೆ ತಿರುಗುತ್ತದೆ. ಬಿಸಿ ಇಳಿದದ್ದರಿಂದಲ್ಲ, ಉಪ್ಪಿನಲ್ಲಿರುವ ಸೋಡಿಯಂನಿಂದ.

ಕಣ್ಣಿಗೆ ನಿಜವಾದ ಪರೀಕ್ಷೆ ಹದ ಮಾಡುವಾಗ. ಉಕ್ಕಿನ ಉಳಿಯನ್ನು ಕೆಂಪಗೆ ಕಾಯಿಸಿ ತುದಿಯನ್ನಷ್ಟೇ ನೀರಿಗೆ ಅದ್ದುತ್ತಾನೆ. ತುದಿ ಗಡುಸಾಗುತ್ತದೆ, ಪೆಡಸೂ ಆಗುತ್ತದೆ. ಹಾಗೇ ಬಿಟ್ಟರೆ ಏಟು ಬಿದ್ದಾಗ ಚಕ್ಕೆ ಏಳುತ್ತದೆ. ಆದ್ದರಿಂದ ಹೊರಗೆಳೆದು, ತುದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಕಣ್ಣು ಕೀಲಿಸಿ ನಿಲ್ಲುತ್ತಾನೆ. ಹಿಂಭಾಗದಲ್ಲಿ ಉಳಿದ ಕಾವು ತುದಿಯತ್ತ ಹರಿಯತೊಡಗುತ್ತದೆ. ಅದರ ಜೊತೆಗೇ ಬಣ್ಣಗಳೂ ಬರುತ್ತವೆ: ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ, 250ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಇದು ಕೆಂಡದ ಹೊಳಪಲ್ಲ. ಉಕ್ಕಿನ ಮೈಮೇಲೆ ಕಟ್ಟುವ ತೆಳು ಆಕ್ಸೈಡ್ ಪೊರೆಯಲ್ಲಿ ಬೆಳಕು ಆಡುವ ಆಟ. ಹರಿತವೇ ಮುಖ್ಯವಾದ ಚೂರಿಗೆ ಹಳದಿಯಲ್ಲೇ ನಿಲ್ಲಿಸಬೇಕು. ಕಬ್ಬಿಣ ಕತ್ತರಿಸುವ ಉಳಿ ಏಟು ತಡೆಯಬೇಕು, ಅದಕ್ಕೆ ನೇರಳೆ. ಸ್ಪ್ರಿಂಗಿಗೆ ನೀಲಿ. ಬೇಕಾದ ಬಣ್ಣ ಬಾಯಿಗೆ ಮುಟ್ಟಿತೋ, ಮತ್ತೆ ನೀರಿಗೆ. ಸ್ವಲ್ಪ ತಡವಾದರೂ ಬಾಯಿ ಮೆತ್ತಗಾಗಿ, ಎಲ್ಲ ಮೊದಲಿನಿಂದ ಶುರು.

ಇಷ್ಟು ಬಣ್ಣಗಳನ್ನು ನೆನಪಿನಲ್ಲಿಟ್ಟುಕೊಂಡು, ಹೊಗೆಯ ನಡುವೆ ಸರಿಯಾದ ಗಳಿಗೆಯನ್ನು ಹಿಡಿಯುವ ಕಣ್ಣನ್ನು ನಾನು ಯಾವ ಚಿತ್ರಕಾರನ ಕಣ್ಣಿಗೂ ಕಡಿಮೆ ಎನ್ನಲಾರೆ. ಮುಂದಿನ ಸಲ ಕುಡುಗೋಲು ಹಣಿಸಲು ಹೋದಾಗ, ಕೊಟ್ಟು ಸಂತೆಗೆ ನಡೆದುಬಿಡಬೇಡಿ. ಅಲ್ಲೇ ನಿಂತು, ಯಾವ ಬಣ್ಣಕ್ಕೆ ಬಂದರೆ ನೀರಿಗೆ ಹಾಕುತ್ತೀರಿ ಎಂದು ಯಜಮಾನರನ್ನು ಕೇಳಿ ನೋಡಿ.